ಸರ್ಕಾರಿ ಅನುದಾನದ ಶಾಲಾಪೂರ್ವ ಕೇಂದ್ರ: ಮನೆಯವರನ್ನು ಜೊತೆಗೆ ಸೇರಿಸಿಕೊಂಡು ನಡೆಸುವುದು ಹೇಗೆ?

"ಪೋಷಕರು ಸಭೆಗೆ ಬರುವುದೇ ಇಲ್ಲ, ಏನು ಮಾಡೋಣ?" ಶಾಲಾಪೂರ್ವ ಕೇಂದ್ರ ನಡೆಸುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಹಿಂದೆಯೇ ಇನ್ನೆರಡು ಬರುತ್ತವೆ. ಸಮಿತಿಯಲ್ಲಿ ಪೋಷಕರಿಗೆ ಎಷ್ಟು ಅಧಿಕಾರ ಕೊಡಬೇಕು? ಲೆಕ್ಕಪತ್ರ ಅವರಿಗೆ ತೋರಿಸಬೇಕಾ? ಮೂರಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಮೂರರಿಂದ ಆರು ವರ್ಷದ ಮಕ್ಕಳ ಕೇಂದ್ರವನ್ನು ಸಾರ್ವಜನಿಕ ಹಣದಲ್ಲಿ ನಡೆಸುವ ಶಿಕ್ಷಕಿಯರು, ಮೇಲ್ವಿಚಾರಕರು, ಸಮಿತಿಯ ಸದಸ್ಯರು, ಸ್ಥಳೀಯ ಆಡಳಿತದ ಅಧಿಕಾರಿಗಳು ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಮಾಡುವ ಕೆಲಸ ಬಹುಪಾಲು ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಭೆಗೆ ಎಷ್ಟು ಜನ ಬಂದರು ಎನ್ನುವುದು ಒಳ್ಳೆಯ ಅಳತೆ ಅಲ್ಲ. ಈ ವರ್ಷ ಮನೆಯವರು ಹೇಳಿದ್ದರಿಂದ ನಿಮ್ಮ ಕೇಂದ್ರದಲ್ಲಿ ಏನು ಬದಲಾಯಿತು? ಇದಕ್ಕೆ ಉತ್ತರ ಇದ್ದರೆ ನಿಮ್ಮ ಕೆಲಸ ಸರಿಯಾದ ದಾರಿಯಲ್ಲಿದೆ. ಇಲ್ಲದಿದ್ದರೆ ಜನ ಬರುವುದನ್ನು ನಿಲ್ಲಿಸುತ್ತಾರೆ, ಅದು ಅವರ ತಪ್ಪಲ್ಲ.

ಶುರು ಮಾಡುವ ಮೊದಲು ಏನೇನು ಬೇಕು?

ಅನುದಾನದ ಆದೇಶದ ಪ್ರತಿ ಬೇಕು. ಎಲ್ಲ ಕುಟುಂಬಗಳ ಪಟ್ಟಿ ಬೇಕು, ಅದರಲ್ಲಿ ಮನೆಮಾತು ಯಾವುದು, ಯಾವ ಹೊತ್ತಿಗೆ ಸಿಗುತ್ತಾರೆ ಎನ್ನುವುದೂ ಇರಲಿ. ಸಭೆ, ಓಡಾಟ, ಮುದ್ರಣಕ್ಕೆ ಸ್ವಲ್ಪ ಹಣ ಬೇಕು. ಪೋಷಕರು ಕೂರಲು ಒಂದು ಮೂಲೆಯಾದರೂ ಬೇಕು, ದೊಡ್ಡವರು ಕೂರುವ ಕುರ್ಚಿಯ ಸಮೇತ. ಅಮೆರಿಕದ ಷಿಕಾಗೊದಲ್ಲಿ 1967ರಲ್ಲಿ ಸರ್ಕಾರದ ಹಣದಿಂದ ಶುರುವಾದ ಚೈಲ್ಡ್-ಪೇರೆಂಟ್ ಸೆಂಟರ್‌ಗಳಲ್ಲಿ ಪೋಷಕರಿಗಾಗಿಯೇ ಒಂದು ಕೋಣೆ, ಅದನ್ನು ನೋಡಿಕೊಳ್ಳಲು ಒಬ್ಬ ಶಿಕ್ಷಕರು ಇದ್ದರು. ಅಷ್ಟು ಜಾಗ ಎಲ್ಲರಿಗೂ ಸಿಗುವುದಿಲ್ಲ. ಆದರೆ ಬಾಗಿಲ ಬಳಿ ನಿಂತೇ ಮಾತು ಮುಗಿಸಬೇಕಾದ ಕಡೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಹಂತ 1: ಅನುದಾನದ ಆದೇಶವನ್ನು ಪೂರ್ತಿ ಓದಿ

ಹಣ ಯಾವ ಬಾಬ್ತಿಗೆ ಖರ್ಚು ಮಾಡಬಹುದು, ಯಾವುದಕ್ಕೆ ಮಾಡಬಾರದು ಎಂದು ಗುರುತು ಹಾಕಿ. ಕುಟುಂಬಗಳ ಬಗ್ಗೆ ಏನು ಬರೆದಿದೆ? ಸಮಿತಿ ಇರಲೇಬೇಕಾ? ಮನೆ ಭೇಟಿ ಕಡ್ಡಾಯವಾ? ವರದಿ ಯಾವಾಗ ಕೊಡಬೇಕು? ಇಷ್ಟನ್ನೂ ಒಂದು ಹಾಳೆಯಲ್ಲಿ ಸುಲಭದ ಮಾತಿನಲ್ಲಿ ಬರೆದು ಗೋಡೆಗೆ ಹಾಕಿ.

ಕೆಲವು ಯೋಜನೆಗಳಲ್ಲಿ 'ಇನ್-ಕೈಂಡ್' ಎಂಬ ಪದ ಕಾಣುತ್ತದೆ. ಹಣದ ಬದಲು ಸಮಯ, ಜಾಗ, ಸಾಮಾನು ಕೊಟ್ಟರೆ ಅದಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂದರ್ಥ. ಅಮೆರಿಕದ ಹೆಡ್ ಸ್ಟಾರ್ಟ್ ಯೋಜನೆಯಲ್ಲಿ, ಇದು ಬಡ ಕುಟುಂಬಗಳ ಚಿಕ್ಕ ಮಕ್ಕಳಿಗಾಗಿ 1965ರಲ್ಲಿ ಶುರುವಾದದ್ದು, ಒಟ್ಟು ವೆಚ್ಚದ 20 ಶೇಕಡಾ ಪಾಲನ್ನು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಹೊರಗಿನಿಂದ ಹೊಂದಿಸಬೇಕು. ಪೋಷಕರು ಸ್ವಯಂಸೇವಕರಾಗಿ ದುಡಿದ ಗಂಟೆಗಳನ್ನೂ ಅದರಲ್ಲಿ ತೋರಿಸಬಹುದು.

ಎಚ್ಚರಿಕೆ: ಈ ಗಂಟೆಗಳನ್ನು ಅಂದೇ ಬರೆದು ಅಂದೇ ಸಹಿ ಹಾಕಿಸಿ. ವರ್ಷದ ಕೊನೆಯಲ್ಲಿ ನೆನಪಿನಿಂದ ತುಂಬಿದ ರಿಜಿಸ್ಟರ್ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ಇನ್ನೂ ಕೆಟ್ಟದ್ದು ಎಂದರೆ, ಗಂಟೆ ತುಂಬಿಸುವುದಕ್ಕಾಗಿಯೇ ಪೋಷಕರನ್ನು ಕರೆಯುವ ಅಭ್ಯಾಸ ಬೆಳೆಯುತ್ತದೆ. ಅದು ಅವರಿಗೆ ಬೇಗ ಗೊತ್ತಾಗುತ್ತದೆ.

ಹಂತ 2: ಕುಟುಂಬಗಳ ಕೆಲಸ ಒಬ್ಬರ ಹೊಣೆಯಾಗಲಿ

"ಎಲ್ಲರೂ ಮಾಡುತ್ತೇವೆ" ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರ ಹೆಸರು ಬರೆಯಿರಿ. ಅದಕ್ಕಾಗಿ ಅವರಿಗೆ ವಾರದಲ್ಲಿ ನಿಗದಿತ ಸಮಯ ಕೊಡಿ. ಆ ಹೊತ್ತಿನಲ್ಲಿ ತರಗತಿಯನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದನ್ನೂ ಮೊದಲೇ ಗೊತ್ತು ಮಾಡಿ.

ಹಂತ 3: ದಾಖಲಾತಿಯ ದಿನವನ್ನು ಮಾತುಕತೆಯ ದಿನವಾಗಿಸಿ

ಮನೆಯವರು ನಿಮ್ಮನ್ನು ಮೊದಲು ನೋಡುವುದು ದಾಖಲಾತಿಯ ಮೇಜಿನ ಎದುರು. ಅಲ್ಲಿ ಬರೀ ಕಾಗದ ಕೇಳಿದರೆ, ಮುಂದಿನ ಸಂಬಂಧವೂ ಕಾಗದದ್ದೇ ಆಗುತ್ತದೆ. ಕಾಗದಪತ್ರ ನೋಡಿ ಮುಗಿಸಿ, ಆಮೇಲೆ ಮಗುವಿನ ಬಗ್ಗೆ ಕೇಳಿ. ಏನು ಕಂಡರೆ ಖುಷಿ? ಏನಕ್ಕೆ ಹೆದರುತ್ತದೆ? ಅತ್ತಾಗ ಹೇಗೆ ಸಮಾಧಾನ ಮಾಡುತ್ತೀರಿ? ಮನೆಯಲ್ಲಿ ಯಾರ ಜೊತೆ ಜಾಸ್ತಿ ಇರುತ್ತದೆ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಎಷ್ಟೋ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವುದು ಅಜ್ಜಿ, ತಾತ, ಅಕ್ಕ ಅಥವಾ ಅಪ್ಪ. ನೀವು ಅಮ್ಮನಿಗೆ ಮಾತ್ರ ಸಂದೇಶ ಕಳಿಸುತ್ತಿದ್ದರೆ, ದಿನವೆಲ್ಲ ಮಗುವಿನ ಜೊತೆ ಇರುವವರಿಗೆ ಅದು ತಲುಪುವುದೇ ಇಲ್ಲ.

ಮಗುವನ್ನು ಕರೆದುಕೊಂಡು ಹೋಗಲು ಯಾರ‍್ಯಾರಿಗೆ ಅನುಮತಿ ಇದೆ ಎನ್ನುವುದನ್ನು ಇದೇ ದಿನ ಲಿಖಿತವಾಗಿ ತೆಗೆದುಕೊಳ್ಳಿ. ಅಲರ್ಜಿ, ಔಷಧಿ, ತುರ್ತಿಗೆ ಕರೆಯಬೇಕಾದ ಎರಡು ನಂಬರ್ ಕೂಡ. ಫೋಟೋ ತೆಗೆಯಲು, ಹಂಚಲು ಒಪ್ಪಿಗೆ ಇದೆಯೇ ಎಂದು ಬೇರೆಯಾಗಿ ಕೇಳಿ. ಇಲ್ಲ ಎಂದರೆ ಕಾರಣ ಕೇಳಬೇಡಿ.

ಎಚ್ಚರಿಕೆ: ಓದಲು ಬಾರದ ಪೋಷಕರಿಗೆ ಫಾರಂ ಕೊಟ್ಟು ಕಾಯುತ್ತಾ ನಿಲ್ಲಬೇಡಿ. ಎಲ್ಲರ ಬಳಿಯೂ ನೀವೇ ಕೇಳಿ ನೀವೇ ಬರೆಯಿರಿ. ಆಗ ಯಾರಿಗೂ ಮುಜುಗರ ಆಗುವುದಿಲ್ಲ. ಬರೆದದ್ದನ್ನು ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಿ.

ಹಂತ 4: ಮನೆ ಭೇಟಿ

ಈ ಮಾರ್ಗದರ್ಶಿಯಲ್ಲಿ ನಾನು ಅತಿ ಹೆಚ್ಚು ಒತ್ತು ಕೊಡುವ ಹಂತಗಳಲ್ಲಿ ಇದೂ ಒಂದು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ಪೆರಿ ಪ್ರೀಸ್ಕೂಲ್ ಎಂಬ ಪ್ರಯೋಗ ನಡೆಯಿತು. ಬಡ ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಶಾಲಾಪೂರ್ವ ತರಗತಿ ಸಿಕ್ಕಿತು. ಅವರ ಶಿಕ್ಷಕರು ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೂ ಹೋಗಿ ಸುಮಾರು ಒಂದೂವರೆ ಗಂಟೆ ಕಳೆಯುತ್ತಿದ್ದರು. ಆ ಮಕ್ಕಳಿಗೆ 40 ವರ್ಷ ಆದಾಗಲೂ ಅಧ್ಯಯನ ನಿಂತಿರಲಿಲ್ಲ. ತರಗತಿ ಸಿಕ್ಕವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ಬಂಧನಕ್ಕೆ ಒಳಗಾದವರು ಕಡಿಮೆ. ಇದರಲ್ಲಿ ತರಗತಿಯ ಪಾಲೆಷ್ಟು, ಮನೆ ಭೇಟಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಆ ಅಧ್ಯಯನದಿಂದ ಆಗುವುದಿಲ್ಲ. ಆದರೆ ಅದನ್ನು ಕಟ್ಟಿದವರು ಎರಡನ್ನೂ ಒಂದೇ ಕೆಲಸ ಎಂದು ನೋಡಿದ್ದರು. ಅದು ನಮಗೂ ಬೇಕಾದ ನೋಟ.

ವಾರಕ್ಕೊಮ್ಮೆ ಹೋಗಲು ನಿಮ್ಮಿಂದ ಆಗದಿರಬಹುದು. ಹೆಡ್ ಸ್ಟಾರ್ಟ್ ಕೇಂದ್ರಗಳಿಗೆ ಇರುವ ನಿಯಮ ವರ್ಷಕ್ಕೆ ಕನಿಷ್ಠ ಎರಡು ಭೇಟಿ. ಸಾಧ್ಯವಾದರೆ ಅದರಲ್ಲಿ ಒಂದು ತರಗತಿ ಶುರುವಾಗುವ ಮೊದಲೇ ಆಗಬೇಕು. ಈ ಲೆಕ್ಕ ಎಲ್ಲಿಯಾದರೂ ಹೊಂದುತ್ತದೆ. ಮೊದಲ ದಿನ ಅಳುವ ಮಗುವಿಗೆ, ತನ್ನ ಮನೆಗೆ ಬಂದಿದ್ದ ಟೀಚರ್ ಮುಖ ಕಂಡರೆ ಎಷ್ಟು ಧೈರ್ಯ ಅಲ್ವಾ?

ಹೋಗುವ ಮೊದಲು ಕೇಳಿ, ದಿನ ಮತ್ತು ಹೊತ್ತನ್ನು ಅವರೇ ಹೇಳಲಿ. ಮನೆಗೆ ಬರುವುದು ಬೇಡ ಎಂದರೆ ಕೇಂದ್ರದಲ್ಲೋ ಅವರಿಗೆ ಹತ್ತಿರದ ಬೇರೆ ಜಾಗದಲ್ಲೋ ಭೇಟಿಯಾಗಿ. ಇಬ್ಬರು ಹೋಗಿ, ಎಲ್ಲಿಗೆ ಹೋಗಿದ್ದೀರಿ ಎನ್ನುವುದು ಕೇಂದ್ರದಲ್ಲಿ ಗೊತ್ತಿರಲಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಕೈಯಲ್ಲಿ ಒಂದು ಚಿತ್ರಪುಸ್ತಕ ಇರಲಿ. ಮಗುವಿನ ಜೊತೆ ಅದನ್ನು ನೋಡುತ್ತಾ ಕೂತರೆ ಮಾತು ತಾನಾಗಿ ಶುರುವಾಗುತ್ತದೆ.

ನೀವು ಕಡಿಮೆ ಮಾತಾಡಿ. "ನಿಮ್ಮ ಮಗುವಿಗೆ ಈ ವರ್ಷ ಏನು ಬರಬೇಕು ಎಂದು ನಿಮಗೆ ಆಸೆ?" ಎಂದು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೊರಡುವಾಗ ಒಂದು ಚಿಕ್ಕ ವಿಷಯ ಒಪ್ಪಿಕೊಳ್ಳಿ. ಇದನ್ನು ನಾವು ಮಾಡುತ್ತೇವೆ, ಅದನ್ನು ನೀವು ಮಾಡುತ್ತೀರಿ ಎಂದು. ವಾಪಸ್ ಬಂದ ವಾರದಲ್ಲೇ ನಿಮ್ಮ ಪಾಲಿನದ್ದನ್ನು ಮಾಡಿ, ಅವರಿಗೆ ತಿಳಿಸಿ.

ಎಚ್ಚರಿಕೆ: ಇದು ತಪಾಸಣೆ ಅಲ್ಲ. ಮನೆ ಸ್ವಚ್ಛವಾಗಿದೆಯೇ, ಸಾಮಾನು ಏನಿದೆ ಎಂದು ಕಣ್ಣಾಡಿಸಬೇಡಿ. ಅವರೆದುರೇ ಫಾರಂ ತುಂಬಬೇಡಿ. ನೋಡಿದ್ದನ್ನು ಕೇಂದ್ರದಲ್ಲಿ ಮಾತಿನ ವಸ್ತು ಮಾಡಬೇಡಿ. ಒಂದು ಮನೆಯ ವಿಷಯ ಇನ್ನೊಂದು ಮನೆಗೆ ತಲುಪಿದರೆ ಮುಂದೆ ಯಾವ ಬಾಗಿಲೂ ಮನಸಾರೆ ತೆರೆಯುವುದಿಲ್ಲ. ಮಗುವಿಗೆ ಅಪಾಯ ಇದೆ ಎಂಬ ಅನುಮಾನ ಬಂದರೆ ಮಾತ್ರ ದಾರಿ ಬೇರೆ. ಅದನ್ನು ಮಕ್ಕಳ ರಕ್ಷಣೆಯ ನಿಯಮದ ಪ್ರಕಾರ ತಡಮಾಡದೆ ತಿಳಿಸಬೇಕಾದವರಿಗೆ ತಿಳಿಸಿ.

ಹಂತ 5: ದಿನದಿನದ ಎರಡು ನಿಮಿಷ

ಬಿಡುವ ಹೊತ್ತು, ಕರೆದುಕೊಂಡು ಹೋಗುವ ಹೊತ್ತು. ಬಾಗಿಲಲ್ಲಿ ಒಬ್ಬರು ನಿಂತು ಪ್ರತಿ ಮಗುವಿನ ಬಗ್ಗೆ ಒಂದು ಮಾತು ಹೇಳಲಿ. "ಇವತ್ತು ಪಕ್ಕದವಳಿಗೆ ಶೂ ಹಾಕಲು ಸಹಾಯ ಮಾಡಿದ" ಎಂದರೆ ಸಾಕು. ದೂರು ಹೇಳಬೇಕಾದರೆ ಎಲ್ಲರೆದುರು ಬೇಡ, ಮಗುವಿನ ಎದುರು ಬೇಡವೇ ಬೇಡ.

ಮಗು ಬಾರದಿದ್ದಾಗಲೂ ಮಾತು ಬೇಕು. ಹೆಡ್ ಸ್ಟಾರ್ಟ್‌ನಲ್ಲಿ ತಿಳಿಸದೆ ಗೈರಾದ ಮಗುವಿನ ಮನೆಯವರನ್ನು ತರಗತಿ ಶುರುವಾದ ಒಂದು ಗಂಟೆಯೊಳಗೆ ಸಂಪರ್ಕಿಸಲು ಪ್ರಯತ್ನಿಸಬೇಕು. ಕೇಂದ್ರದ ಸರಾಸರಿ ಹಾಜರಿ ತಿಂಗಳಲ್ಲಿ 85 ಶೇಕಡಾಕ್ಕಿಂತ ಕೆಳಗೆ ಬಂದರೆ ಕಾರಣ ಹುಡುಕಬೇಕು. ಇದರಲ್ಲಿ ಕಲಿಯಬೇಕಾದದ್ದು ಮಾತಿನ ಧಾಟಿ. "ಯಾಕೆ ಕಳಿಸಲಿಲ್ಲ?" ಎಂದು ಕೇಳಬೇಡಿ, "ಹುಷಾರಾಗಿದ್ದಾಳಾ? ಏನಾದರೂ ತೊಂದರೆನಾ?" ಎಂದು ಕೇಳಿ. ಬೆಳಗಿನ ಪಾಳಿ ಬದಲಾಗಿದೆ, ಕರೆತರಲು ಯಾರೂ ಇಲ್ಲ ಎಂಬ ಕಾರಣ ಆಗಲೇ ಹೊರಗೆ ಬರುತ್ತದೆ. ಒಂದೇ ಬೀದಿಯ ಎರಡು ಮನೆಗಳನ್ನು ಜೋಡಿಸಿಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ಪರಿಹಾರ.

ವಾಟ್ಸಾಪ್ ಗುಂಪು ಬೇಕಾ ಎಂದು ಬಹಳ ಜನ ಕೇಳುತ್ತಾರೆ. ಇರಲಿ. ಆದರೆ ಸೂಚನೆಗಳಿಗೆ ಮಾತ್ರ. ಒಂದು ಮಗುವಿನ ವಿಷಯ ಗುಂಪಿನಲ್ಲಿ ಬರಬಾರದು. ಬರೆದ ಸೂಚನೆಯ ಜೊತೆ ಅದನ್ನೇ ಓದಿದ ಧ್ವನಿ ಸಂದೇಶವನ್ನೂ ಹಾಕಿ. ಫೋನ್ ಇಲ್ಲದ ಮನೆಗಳ ಪಟ್ಟಿ ಇಟ್ಟುಕೊಂಡು ಅವರಿಗೆ ಬಾಯಲ್ಲಿ ತಿಳಿಸಿ.

ಹಂತ 6: ಕಲಿಕೆಯ ಮಾತು ಎರಡೂ ಕಡೆಯಿಂದ ಬರಲಿ

'ಸ್ಕ್ರೀನಿಂಗ್' ಎಂಬ ಪದ ಕೇಳಿ ಪೋಷಕರು ಗಾಬರಿಯಾಗುತ್ತಾರೆ. ಮಾತು, ನಡೆ, ಕೇಳುವಿಕೆ, ನೋಟ, ಬೆರೆಯುವಿಕೆ ವಯಸ್ಸಿಗೆ ತಕ್ಕಂತೆ ಇದೆಯೇ ಎಂದು ಬೇಗ ನೋಡುವ ಮೊದಲ ಪರಿಶೀಲನೆ ಅದು. ರೋಗ ಹೇಳುವ ಪರೀಕ್ಷೆ ಅಲ್ಲ. ಹೆಡ್ ಸ್ಟಾರ್ಟ್‌ನಲ್ಲಿ ಮಗು ಬರಲು ಶುರುಮಾಡಿದ 45 ದಿನದೊಳಗೆ ಇದನ್ನು ಮಾಡಬೇಕು. ಮಾಡುವ ಮೊದಲು ವಿವರಿಸಿ, ಒಪ್ಪಿಗೆ ಪಡೆಯಿರಿ. ಮನೆಯಲ್ಲಿ ಮಗು ಹೇಗಿರುತ್ತದೆ ಎಂದು ಕೇಳಿ. ಕೇಂದ್ರದಲ್ಲಿ ತುಟಿ ಬಿಚ್ಚದ ಮಗು ಮನೆಯಲ್ಲಿ ಬಾಯ್ತುಂಬ ಮಾತಾಡುತ್ತಿರಬಹುದು. ಹೆಚ್ಚಿನ ಪರೀಕ್ಷೆ ಬೇಕೆನಿಸಿದರೆ ಎಲ್ಲಿಗೆ, ಯಾವಾಗ ಹೋಗಬೇಕು ಎಂಬ ವಿವರದ ಜೊತೆಗೇ ಹೇಳಿ. ಬರೀ ಆತಂಕ ಕೊಟ್ಟು ಕಳಿಸಬೇಡಿ.

ಬೆಳವಣಿಗೆಯನ್ನು ತಿಳಿಸಲು ಅಂಕಪಟ್ಟಿ ಬೇಡ. ನ್ಯೂಜಿಲೆಂಡಿನ ಕೇಂದ್ರಗಳಲ್ಲಿ 'ಲರ್ನಿಂಗ್ ಸ್ಟೋರಿ' ಎಂಬ ಪದ್ಧತಿ ಇದೆ. ಮಗು ಒಂದು ದಿನ ಏನು ಮಾಡಿತು, ಅದರಲ್ಲಿ ಏನು ಕಲಿಯಿತು, ಮುಂದೇನು ಎಂದು ಶಿಕ್ಷಕಿ ಕಥೆಯಂತೆ ಬರೆಯುತ್ತಾರೆ. ಮನೆಯವರೂ ಅದಕ್ಕೆ ತಮ್ಮ ಮಾತು ಸೇರಿಸುತ್ತಾರೆ. 1996ರಲ್ಲಿ ಬಂದ ಆ ದೇಶದ ಪಠ್ಯಕ್ರಮ 'ತೆ ಫಾರಿಕಿ'ಯ ನಾಲ್ಕು ಮೂಲ ತತ್ವಗಳಲ್ಲಿ ಕುಟುಂಬ ಮತ್ತು ಸಮುದಾಯವೂ ಒಂದು. ನೀವು ಪ್ರತಿ ಮಗುವಿಗೆ ತಿಂಗಳಿಗೊಂದು ಕಥೆ, ನಾಲ್ಕೇ ಸಾಲಿನಲ್ಲಿ ಬರೆದರೂ ಸಾಕು.

ಮನೆಯಲ್ಲಿ ಏನು ಮಾಡಿಸಬೇಕು? ಅಕ್ಷರ ತಿದ್ದುವ ಹಾಳೆ ಕಳಿಸಬೇಡಿ. ಮೂರು ನಾಲ್ಕು ವರ್ಷದ ಮಗುವಿಗೆ ಮಾತೇ ದೊಡ್ಡ ಪಾಠ. ಚಿತ್ರಪುಸ್ತಕ ತೆರೆದು "ಇವಳು ಯಾಕೆ ಓಡುತ್ತಿದ್ದಾಳೆ? ಮುಂದೇನಾಗಬಹುದು?" ಎಂದು ಕೇಳುವುದು, ಮಗು ಹೇಳಿದ್ದಕ್ಕೆ ಒಂದು ಮಾತು ಸೇರಿಸುವುದು, ಬಟ್ಟೆ ಮಡಚುವಾಗ ಬಣ್ಣ ಬೇರೆ ಮಾಡಿಸುವುದು. ಓದಲು ಬಾರದವರೂ ಇದನ್ನೆಲ್ಲ ಮಾಡಬಹುದು. ಮನೆಮಾತು ಬೇರೆಯಾಗಿದ್ದರೆ ಅದನ್ನೇ ಆಡಲು ಹೇಳಿ. ಮನೆಮಾತು ಗಟ್ಟಿಯಾದರೆ ಎರಡನೆಯ ಭಾಷೆಗೂ ಅನುಕೂಲ.

ಹಂತ 7: ಸಮಿತಿಗೆ ನಿಜವಾದ ಅಧಿಕಾರ ಕೊಡಿ

ಬಹಳಷ್ಟು ಕೇಂದ್ರಗಳಲ್ಲಿ ಪೋಷಕರ ಸಮಿತಿ ಕಾಗದದ ಮೇಲಿದೆ. ಸಹಿ ಬೇಕಾದಾಗ ನೆನಪಾಗುತ್ತದೆ. ಇದನ್ನು ಸರಿಮಾಡದೆ ಉಳಿದ ಯಾವ ಹಂತವೂ ಪೂರ್ತಿ ಫಲ ಕೊಡುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಇಟಲಿಯ ರೆಜಿಯೊ ಎಮಿಲಿಯಾ ಬಳಿಯ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ, ಸೈನ್ಯ ಬಿಟ್ಟುಹೋದ ಒಂದು ಟ್ಯಾಂಕ್, ಟ್ರಕ್ಕು, ಕುದುರೆಗಳನ್ನು ಮಾರಿ ಮಕ್ಕಳಿಗೆ ಶಾಲೆ ಕಟ್ಟಿದರು. ಮುಂದೆ 1963ರಿಂದ ನಗರ ಆಡಳಿತವೇ ಇಂಥ ಶಾಲೆಗಳನ್ನು ತೆರೆಯಿತು. ಹಣ ಸಾರ್ವಜನಿಕವಾಯಿತು, ಆದರೆ ಪೋಷಕರು ಹೊರಗೆ ಹೋಗಲಿಲ್ಲ. ಅವರೂ ಕೂರುವ ಚುನಾಯಿತ ಮಂಡಳಿಗಳು ಅಲ್ಲಿನ ವ್ಯವಸ್ಥೆಯ ಭಾಗವಾದವು. ಹೆಡ್ ಸ್ಟಾರ್ಟ್‌ನಲ್ಲಿ 'ಪಾಲಿಸಿ ಕೌನ್ಸಿಲ್' ಇದೆ. ಕಾರ್ಯಕ್ರಮ ಹೇಗೆ ನಡೆಯಬೇಕು ಎನ್ನುವುದರಲ್ಲಿ ಪಾಲುಳ್ಳ ಮಂಡಳಿ ಅದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಕಲಿಯುತ್ತಿರುವ ಮಕ್ಕಳ ಪೋಷಕರೇ ಇರಬೇಕು. ಸಂಬಳದ ಸಿಬ್ಬಂದಿ ಸದಸ್ಯರಾಗುವಂತಿಲ್ಲ.

ನಿಮ್ಮ ಸಮಿತಿಯನ್ನೂ ಹೀಗೆ ಕಟ್ಟಿ. ಸದಸ್ಯರನ್ನು ಪೋಷಕರೇ ಆರಿಸಲಿ, ನೀವು ಹೆಸರು ಸೂಚಿಸಬೇಡಿ. ಅವಧಿ ಒಂದು ವರ್ಷ. ಸಿಬ್ಬಂದಿಯ ಹತ್ತಿರದ ಸಂಬಂಧಿಕರು, ಕೇಂದ್ರಕ್ಕೆ ಸಾಮಾನು ಪೂರೈಸುವವರು ಬೇಡ. ದೂರದ ಮನೆಯವರು, ಬೇರೆ ಮಾತಿನವರು, ವಿಶೇಷ ಅಗತ್ಯ ಇರುವ ಮಗುವಿನ ಪೋಷಕರು ಇರುವಂತೆ ನೋಡಿಕೊಳ್ಳಿ.

ಆಮೇಲೆ ಅಧಿಕಾರವನ್ನು ಮೂರು ಪಾಲು ಮಾಡಿ ಬರೆಯಿರಿ. ಸಮಿತಿಯೇ ತೀರ್ಮಾನಿಸುವುದು: ಸಭೆಯ ಹೊತ್ತು, ಕೇಂದ್ರದ ವೇಳೆಯಲ್ಲಿ ನಿಯಮ ಬಿಟ್ಟಷ್ಟು ಬದಲಾವಣೆ, ಪೋಷಕರ ಚಟುವಟಿಕೆಯ ಹಣದ ಬಳಕೆ. ಸಮಿತಿಯ ಅಭಿಪ್ರಾಯ ಕೇಳಿ ಕೇಂದ್ರ ತೀರ್ಮಾನಿಸುವುದು: ವಾರ್ಷಿಕ ಯೋಜನೆ, ಬಜೆಟ್, ಆಟದ ಸಾಮಾನಿನ ಆಯ್ಕೆ, ಸಿಬ್ಬಂದಿ ನೇಮಕದ ಸಂದರ್ಶನ. ಸಮಿತಿಗೆ ಸೇರದ್ದು: ಒಂದೊಂದು ಮಗುವಿನ ದಾಖಲೆ, ಒಬ್ಬ ಸಿಬ್ಬಂದಿಯ ಖಾಸಗಿ ವಿಷಯ. ಈ ಹಾಳೆ ಮೊದಲ ಸಭೆಯಲ್ಲೇ ಎಲ್ಲರ ಕೈಯಲ್ಲಿರಲಿ. ಮುಂದಿನ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಸಭೆಯ ಹೊತ್ತು ದುಡಿಯುವವರಿಗೆ ಹೊಂದಬೇಕು. ಕೆಲಸದ ದಿನದ ಮಧ್ಯಾಹ್ನ ಸಭೆ ಇಟ್ಟು "ಆಸಕ್ತಿ ಇಲ್ಲ" ಎನ್ನುವುದು ಅನ್ಯಾಯ. ಅರ್ಧ ದಿನದ ಕೂಲಿ ಬಿಟ್ಟು ಬರಬೇಕಾದವರ ಲೆಕ್ಕ ಹಾಕಿ ನೋಡಿ. ಸಭೆ ನಡೆಯುವಾಗ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲಿ. ನಿಯಮ ಒಪ್ಪಿದರೆ ಓಡಾಟದ ಖರ್ಚು ಕೊಡಿ. ಕಾರ್ಯಸೂಚಿ, ಅಂದರೆ ಏನೇನು ಮಾತಾಡುತ್ತೇವೆ ಎಂಬ ಪಟ್ಟಿ, ಒಂದು ವಾರ ಮೊದಲೇ ಸಿಗಲಿ. ಅದರಲ್ಲಿ ಪೋಷಕರು ಸೂಚಿಸಿದ ಒಂದು ವಿಷಯವಾದರೂ ಇರಲಿ, ಅದೇ ಮೊದಲು ಬರಲಿ.

ನಡಾವಳಿಯನ್ನು, ಅಂದರೆ ಸಭೆಯಲ್ಲಿ ಆದ ಮಾತು ಮತ್ತು ತೀರ್ಮಾನದ ಬರಹವನ್ನು, ಅಲ್ಲೇ ಓದಿ ಹೇಳಿ ಸಹಿ ಹಾಕಿಸಿ. ಬಾಗಿಲ ಬಳಿ ಒಂದು ಫಲಕ ಹಾಕಿ. ಎಡಕ್ಕೆ "ನೀವು ಹೇಳಿದ್ದು", ಬಲಕ್ಕೆ "ನಾವು ಮಾಡಿದ್ದು". ಮಾಡಲು ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಬಲಗಡೆಯಲ್ಲೇ ಬರೆಯಿರಿ. ಈ ಫಲಕದಷ್ಟು ಜನರನ್ನು ಮತ್ತೆ ಸಭೆಗೆ ಕರೆತರುವ ಸಾಧನ ಬೇರೆ ಇಲ್ಲ ಎನ್ನುವುದು ನನ್ನ ನಂಬಿಕೆ.

ಎಚ್ಚರಿಕೆ: ಖಾಲಿ ಹಾಳೆಗೆ ಸಹಿ ಯಾವತ್ತೂ ತೆಗೆದುಕೊಳ್ಳಬೇಡಿ. ಪೋಷಕರೇ, ನೀವು ಓದುತ್ತಿದ್ದರೆ, ಹಾಕಲೂ ಬೇಡಿ. ಇನ್ನೊಂದು, ಇಬ್ಬರು ಮೂವರೇ ಮಾತಾಡಿ ಉಳಿದವರು ಸುಮ್ನೆ ಕೂರುವ ಸಭೆ. ಅದಕ್ಕೆ ಸುತ್ತು ಬಿದ್ದಂತೆ ಪ್ರತಿಯೊಬ್ಬರಿಗೂ ಒಂದು ನಿಮಿಷ ಕೊಡಿ, ಅಥವಾ ಮೊದಲು ಇಬ್ಬಿಬ್ಬರಾಗಿ ಮಾತಾಡಲು ಬಿಡಿ.

ಹಂತ 8: ಲೆಕ್ಕ ಎಲ್ಲರಿಗೂ ಕಾಣಲಿ

ಹೌದು, ತೋರಿಸಬೇಕು. ಹಣ ಸಾರ್ವಜನಿಕರದ್ದು. ತಿಂಗಳಿಗೊಂದು ಹಾಳೆ ಸಾಕು. ಎಷ್ಟು ಬಂತು, ಯಾವ ಬಾಬ್ತಿಗೆ ಎಷ್ಟು ಹೋಯಿತು, ಎಷ್ಟು ಉಳಿದಿದೆ, ಏನು ಬರಬೇಕಿದೆ. ಯಾರ ಸಂಬಳ ಎಷ್ಟು ಎಂದು ಹೆಸರು ಹಾಕುವುದು ಬೇಡ, ಸಂಬಳದ ಒಟ್ಟು ಮೊತ್ತ ಇರಲಿ. ಅನುದಾನ ತಡವಾದಾಗ ಈ ಹಾಳೆಯೇ ನಿಮ್ಮ ಬಲ. ತಡ ಎಲ್ಲಿ ಆಗಿದೆ ಎಂದು ಪೋಷಕರಿಗೆ ಕಂಡರೆ ಅವರೂ ದನಿ ಸೇರಿಸುತ್ತಾರೆ.

ಪೋಷಕರಿಂದ ಕಡ್ಡಾಯ ವಂತಿಗೆ ಬೇಡ. ಸ್ವಂತ ಇಷ್ಟದಿಂದ ಕೊಟ್ಟರೂ ನಿಯಮ ನೋಡಿ, ರಸೀದಿ ಕೊಡಿ, ಯಾರು ಎಷ್ಟು ಕೊಟ್ಟರು ಎಂದು ಫಲಕಕ್ಕೆ ಹಾಕಬೇಡಿ. ಕೊಡಲಾಗದ ಮನೆಯವರು ಆ ಫಲಕ ನೋಡಿಯೇ ದೂರವಾಗುತ್ತಾರೆ.

ಹಂತ 9: ತರಗತಿಯೊಳಗೆ ಪೋಷಕರು

ಕಥೆ ಹೇಳಲು, ಹಾಡಲು, ಮುರಿದ ಆಟಿಕೆ ಸರಿಮಾಡಲು, ತಮ್ಮ ಕಸುಬು ತೋರಿಸಲು ಕರೆಯಿರಿ. ಏನು ಮಾಡಬೇಕು ಎಂದು ಮೊದಲೇ ತಿಳಿಸಿ. ಮಕ್ಕಳಿಗೆ ಹೊಡೆಯುವುದು, ಬೈಯುವುದು ಇಲ್ಲ, ಇಲ್ಲಿ ಕಂಡದ್ದನ್ನು ಹೊರಗೆ ಹೇಳುವುದು ಇಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ. ಹಿನ್ನೆಲೆ ಪರಿಶೀಲನೆಯ ನಿಯಮ ಇದ್ದರೆ ಪಾಲಿಸಿ. ಯಾವ ಸ್ವಯಂಸೇವಕರನ್ನೂ ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ.

ಎಚ್ಚರಿಕೆ: ಸಂಬಳದ ಸಿಬ್ಬಂದಿ ಕಡಿಮೆಯಾದ ಜಾಗಕ್ಕೆ ಪೋಷಕರನ್ನು ತುಂಬಬೇಡಿ. ಖಾಲಿ ಹುದ್ದೆ ತುಂಬುವುದು ಸರ್ಕಾರದ ಹೊಣೆ. ಸ್ವಯಂಸೇವಕರಿಂದ ಕೆಲಸ ನಡೆದುಹೋದರೆ ಆ ಹುದ್ದೆ ಹಾಗೇ ಖಾಲಿ ಉಳಿಯುತ್ತದೆ.

ಹಂತ 10: ದೂರಿಗೆ ದಾರಿ

ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಉತ್ತರ, ಒಪ್ಪಿಗೆಯಾಗದಿದ್ದರೆ ಮೇಲೆ ಯಾರು ಎಂದು ಬರೆದು ಹಾಕಿ. ಬಾಯಲ್ಲಿ ಹೇಳಿದ ದೂರನ್ನೂ ಬರೆದುಕೊಳ್ಳಿ. ಶಿಕ್ಷಕಿಯ ಮೇಲಿನ ದೂರನ್ನು ಅದೇ ಶಿಕ್ಷಕಿ ವಿಚಾರಿಸುವಂತಿರಬಾರದು. ದೂರು ಕೊಟ್ಟ ಮನೆಯ ಮಗುವನ್ನು ಬೇರೆ ಕಣ್ಣಲ್ಲಿ ನೋಡುವುದಿಲ್ಲ ಎಂಬ ಭರವಸೆ ಬರೀ ಮಾತಾಗದಿರಲಿ.

ಹಂತ 11: ದೊಡ್ಡ ಶಾಲೆಗೆ ಹೋಗುವ ಹೊತ್ತು

ವರ್ಷ ಮುಗಿಯುವ ಮೂರು ನಾಲ್ಕು ತಿಂಗಳ ಮೊದಲೇ ಮುಂದಿನ ಶಾಲೆಯ ಶಿಕ್ಷಕರನ್ನು ಪೋಷಕರ ಸಭೆಗೆ ಕರೆಸಿ. ಮಕ್ಕಳನ್ನು ಒಮ್ಮೆ ಆ ಶಾಲೆಗೆ ಕರೆದುಕೊಂಡು ಹೋಗಿ. ಮಗುವಿನ ದಾಖಲೆಯನ್ನು ಮನೆಯವರ ಒಪ್ಪಿಗೆ ಪಡೆದು ಕಳಿಸಿ, ಒಂದು ಪ್ರತಿ ಅವರಿಗೂ ಕೊಡಿ. ನಿಮ್ಮ ಜೊತೆ ಪ್ರಶ್ನೆ ಕೇಳಲು ಕಲಿತ ಪೋಷಕರು ಅಲ್ಲಿಯೂ ಕೇಳಬೇಕಲ್ಲವೇ? ಆ ಶಾಲೆಯ ಸಮಿತಿಗೆ ಸೇರುವುದು ಹೇಗೆ ಎಂದು ತಿಳಿಸಿಕೊಡಿ.

ಈಗ ವರ್ಷದ ನಡುವೆ ಇದ್ದೀರಾ? ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಈ ತಿಂಗಳು ಫಲಕ ಹಾಕಿ, ಲೆಕ್ಕದ ಹಾಳೆ ಅಂಟಿಸಿ. ಮುಂದಿನ ತಿಂಗಳು ಸಭೆಯ ಹೊತ್ತನ್ನು ಪೋಷಕರನ್ನು ಕೇಳಿ ಬದಲಿಸಿ. ಮನೆ ಭೇಟಿಯನ್ನು ಹಾಜರಿ ಕಡಿಮೆ ಇರುವ ಮಕ್ಕಳಿಂದ ಶುರುಮಾಡಿ. ಸಮಿತಿಯ ಹೊಸ ಚುನಾವಣೆಯನ್ನು ಮುಂದಿನ ದಾಖಲಾತಿಯ ತಿಂಗಳಿಗೆ ಇಟ್ಟುಕೊಳ್ಳಿ. ಹಳೆಯ ಸಮಿತಿಗೆ ಅದನ್ನು ಈಗಲೇ ತಿಳಿಸಿ.